ಕಣ್ಣಲ್ಲಿ ಕಣ್ಣಿಟ್ಟು ಲೋಟ ಬೀಳಿಸುವ ಬೆಕ್ಕಿಗೆ ತಪ್ಪು ಮಾಡಿದೆ ಅಂತ ಅನ್ನಿಸುವುದೇ ಇಲ್ವಾ?

ಪ್ರಶ್ನೆ: ಮುಂಜಾವು

ಬೆಕ್ಕು ಸಾಕಿರುವವರಿಗೆಲ್ಲ ಒಂದು ಪ್ರಶ್ನೆ. ತಾನು ಮಾಡಿದ್ದು ತಪ್ಪು ಅಂತ ಬೆಕ್ಕಿಗೆ ಗೊತ್ತಾಗುತ್ತದಾ? ಸುಮ್ನೆ ಕೇಳುತ್ತಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತ ಕೇಳುತ್ತಿದ್ದೇನೆ.

ನಮ್ಮ ಚಿನ್ನಿಗೆ ಈಗ ಎರಡು ವರ್ಷ. ಟೇಬಲ್ ಅಂಚಿನಲ್ಲಿ ಏನಿಟ್ಟರೂ ಬೀಳಿಸುತ್ತಾಳೆ. ಪೆನ್ನು, ಕನ್ನಡಕ, ಮಾತ್ರೆ ಡಬ್ಬಿ, ನೀರಿನ ಲೋಟ, ಯಾವುದಾದರೂ ಸರಿ. ಮೊದಲು ಪಂಜದಿಂದ ಮೆಲ್ಲಗೆ ಒಂದು ತಟ್ಟು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡುತ್ತಾಳೆ. "ಬೇಡ ಚಿನ್ನಿ" ಅನ್ನುತ್ತೇನೆ. ಇನ್ನೊಂದು ತಟ್ಟು, ಮತ್ತೆ ನೋಟ. ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಲೋಟ ನೆಲ ಸೇರಿರುತ್ತದೆ. ಗಾಜು ಒಡೆದ ಸದ್ದಿಗೆ ಮನೆಯವರೆಲ್ಲ ಬೆಚ್ಚಿಬೀಳುತ್ತೇವೆ, ಅವಳು ಮಾತ್ರ ಮೇಲಿಂದ ಬಗ್ಗಿ ಚೂರುಗಳನ್ನು ಒಮ್ಮೆ ನೋಡಿ, ಅಲ್ಲೇ ಕೂತು ಕಾಲು ನೆಕ್ಕಿಕೊಳ್ಳಲು ಶುರು ಮಾಡುತ್ತಾಳೆ. ಬೈದರೆ ಕ್ಯಾರೇ ಅನ್ನುವುದಿಲ್ಲ.

ಇದೊಂದೇ ಅಲ್ಲ. ಬೆಳಗಿನ ಜಾವ ಇನ್ನೂ ಕತ್ತಲಿರುವಾಗಲೇ ಎದೆ ಮೇಲೆ ಹತ್ತಿ ಮುಖಕ್ಕೆ ಪಂಜ ಇಡುತ್ತಾಳೆ. ಲ್ಯಾಪ್‌ಟಾಪ್ ತೆರೆದರೆ ಕೀಬೋರ್ಡ್ ಮೇಲೆ ಬಂದು ಮಲಗುತ್ತಾಳೆ. ಸೋಫಾದ ಒಂದು ಬದಿ ಪೂರ್ತಿ ದಾರ ದಾರವಾಗಿದೆ. ಬಚ್ಚಲಿನ ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಒಂದೇ ಸಮನೆ ಕೂಗುತ್ತಾಳೆ, ತೆರೆದರೆ ಒಳಗೂ ಬರುವುದಿಲ್ಲ, ಹೊಸ್ತಿಲ ಮೇಲೆ ನಿಂತು ಸುತ್ತ ಒಮ್ಮೆ ನೋಡಿ ಹೋಗಿಬಿಡುತ್ತಾಳೆ.

ಮೊದಲು ನಮ್ಮ ಮನೆಯಲ್ಲಿ ನಾಯಿ ಇತ್ತು. ಅದು ಚಪ್ಪಲಿ ಕಚ್ಚಿ ಹರಿದ ದಿನ ನಾವು ಮನೆಗೆ ಬಂದರೆ ಕಿವಿ ಜೋತುಬಿಟ್ಟು, ಬಾಲ ಮುದುರಿಕೊಂಡು, ಕಣ್ಣು ತಪ್ಪಿಸಿ ಮೂಲೆ ಸೇರುತ್ತಿತ್ತು. "ನಾಯಿಗೆ ನಾಚಿಕೆ ಇರುತ್ತದೆ, ಬೆಕ್ಕಿಗೆ ಇರಲ್ಲ" ಅಂತ ನಮ್ಮ ಅತ್ತೆ ಹೇಳುತ್ತಿರುತ್ತಾರೆ. ಆ ಮಾತು ಒಪ್ಪಲು ನನಗೆ ಮನಸ್ಸು ಬರುವುದಿಲ್ಲ. ಯಾಕೆಂದರೆ ನನಗೆ ಮೈ ಹುಷಾರಿಲ್ಲದಾಗ ಹಾಸಿಗೆ ಬಿಟ್ಟು ಕದಲದವಳೂ ಇವಳೇ. ಹಾಗಾದರೆ ಈ ಭಂಡತನ ಯಾಕೆ? ಹಠವಾ, ಸೇಡಾ, ಅಥವಾ ನಿಜವಾಗಿಯೂ ಏನೂ ಅನ್ನಿಸುವುದಿಲ್ವಾ? ತಂಟೆ ಮಾಡಿದಾಗ ಮುಖಕ್ಕೆ ನೀರು ಚಿಮುಕಿಸು ಅಂತ ಗೆಳತಿಯೊಬ್ಬಳು ಹೇಳಿದ್ದಾಳೆ. ಹಾಗೆ ಮಾಡಬಹುದಾ? ಅನುಭವ ಇರುವವರು ಹೇಳಿ.

ಉತ್ತರ: ಹಳೇಮರ

ಮೊದಲು ನಾಯಿಯ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಬೆಕ್ಕಿಗೆ ಅನ್ಯಾಯ ಆಗುವುದು ಅಲ್ಲಿಂದಲೇ.

ನಾಯಿಯ ಆ "ತಪ್ಪಾಯ್ತು" ಮುಖ ಇದೆಯಲ್ಲ, ಅದನ್ನು ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ಮಾಲೀಕರು ನಾಯಿಗೆ ಒಂದು ತಿನಿಸು ತೋರಿಸಿ, ತಿನ್ನಬೇಡ ಅಂತ ಹೇಳಿ ಕೋಣೆಯಿಂದ ಹೊರಗೆ ಹೋಗಬೇಕು. ವಾಪಸ್ ಬಂದಾಗ ನಾಯಿ ತಿಂದಿತೋ ಇಲ್ಲವೋ ಅಂತ ಅವರಿಗೆ ಹೇಳುತ್ತಿದ್ದರು, ಆದರೆ ಕೆಲವು ಸಲ ಬೇಕಂತಲೇ ಸುಳ್ಳು ಹೇಳುತ್ತಿದ್ದರು. ಹೀಗಾಗಿ ತಿನ್ನದ ನಾಯಿಯೂ ಬೈಸಿಕೊಂಡಿತು. ಕೊನೆಗೆ ನೋಡಿದರೆ ತಿಂದ ನಾಯಿಯ ಮುಖಕ್ಕೂ ತಿನ್ನದ ನಾಯಿಯ ಮುಖಕ್ಕೂ ವ್ಯತ್ಯಾಸ ಇರಲಿಲ್ಲ. ಬೈಸಿಕೊಂಡ ನಾಯಿಗಳೆಲ್ಲ ಆ ಮುಖ ಮಾಡಿದವು, ಏನೂ ಮಾಡದೆ ಬೈಸಿಕೊಂಡವು ಇನ್ನೂ ಜಾಸ್ತಿ ಮಾಡಿದವು. ಅಂದರೆ ಅದು ಪಶ್ಚಾತ್ತಾಪದ ಮುಖ ಅನ್ನುವುದಕ್ಕಿಂತ "ನೀವು ಸಿಟ್ಟಾಗಿದ್ದೀರಿ, ದಯವಿಟ್ಟು ಸಮಾಧಾನ ಆಗಿ" ಅನ್ನುವ ಮುಖ.

ಈಗ ಬೆಕ್ಕಿಗೆ ಬನ್ನಿ. ನಾಯಿಯ ಪೂರ್ವಜರು ತೋಳಗಳು, ಗುಂಪಿನಲ್ಲಿ ಬದುಕಿದವು. ಗುಂಪಿನಲ್ಲಿ ಒಬ್ಬರಿಗೆ ಸಿಟ್ಟು ಬಂದರೆ ತಗ್ಗಿ ಬಗ್ಗಿ ಸಮಾಧಾನ ಮಾಡಲೇಬೇಕು, ಇಲ್ಲದಿದ್ದರೆ ಬದುಕು ನಡೆಯುವುದಿಲ್ಲ. ಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಪ್ರಾಣಿ. ಅದು ಯಾರಿಗೆ ತಲೆ ತಗ್ಗಿಸಬೇಕು? ತಗ್ಗಿಸಿ ತೋರಿಸುವ ಮುಖಭಾವವೇ ಅದರ ಹತ್ತಿರ ಇಲ್ಲ. ಸಿಟ್ಟಿನವರು ಎದುರಾದರೆ ಬೆಕ್ಕಿಗೆ ಗೊತ್ತಿರುವುದು ದೂರ ಸರಿಯುವುದು, ಬಚ್ಚಿಟ್ಟುಕೊಳ್ಳುವುದು, ಇಲ್ಲವೇ ಅಲುಗಾಡದೆ ಕೂರುವುದು. ನಮಗೆ ಅದು ಸೊಕ್ಕು ಅಂತ ಕಾಣುತ್ತದೆ.

ಚಿನ್ನಿ ಕಾಲು ನೆಕ್ಕಿಕೊಳ್ಳುತ್ತಾಳೆ ಅಂದಿರಲ್ಲ, ಅದನ್ನು ಸ್ವಲ್ಪ ಗಮನಿಸಿ ನೋಡಿ. ಗೊಂದಲವಾದಾಗ, ಮುಂದೇನು ಮಾಡಬೇಕು ಅಂತ ತೋಚದಿದ್ದಾಗ ಬೆಕ್ಕುಗಳು ಇದ್ದಕ್ಕಿದ್ದಂತೆ ಮೈ ನೆಕ್ಕಿಕೊಳ್ಳುತ್ತವೆ. ಅದರಿಂದ ಮನಸ್ಸಿನ ಬಿಗಿ ಸಡಿಲವಾಗುತ್ತದೆ. ಗಾಜು ಒಡೆದ ಸದ್ದು, ನಿಮ್ಮ ಏರಿದ ದನಿ, ಎರಡೂ ಒಟ್ಟಿಗೆ ಬಂದಾಗ ಅವಳು ನೆಕ್ಕಿಕೊಳ್ಳುತ್ತಿದ್ದಾಳೆ ಅಂದರೆ ಅವಳಿಗೆ ಏನೂ ಅನ್ನಿಸಿಲ್ಲ ಅಂತ ಹೇಳಲಾಗದು. ನೀವು ಗಲಿಬಿಲಿಗೊಂಡಿದ್ದು ಅವಳಿಗೆ ಮುಟ್ಟಿದೆ. ಯಾಕೆ ಗಲಿಬಿಲಿಗೊಂಡಿರಿ ಅನ್ನುವುದು ಮಾತ್ರ ಮುಟ್ಟಿಲ್ಲ.

ಪ್ರೀತಿ ಇಲ್ಲ ಅನ್ನುವವರಿಗೆ ಇನ್ನೊಂದು ಮಾತು. 2019ರಲ್ಲಿ ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ಬೆಕ್ಕಿನ ಮರಿಗಳನ್ನು ಮಾಲೀಕರ ಜೊತೆ ಹೊಸ ಕೋಣೆಯಲ್ಲಿ ಎರಡು ನಿಮಿಷ ಇಟ್ಟರು, ಮಾಲೀಕರನ್ನು ಎರಡು ನಿಮಿಷ ಹೊರಗೆ ಕಳಿಸಿದರು, ಆಮೇಲೆ ಒಳಗೆ ಕರೆದರು. ಸುಮಾರು ಶೇಕಡಾ 64ರಷ್ಟು ಮರಿಗಳು ಮಾಲೀಕರು ಬಂದ ಕೂಡಲೇ ನಿರಾಳವಾಗಿ, ಅವರನ್ನು ಒಮ್ಮೆ ಸವರಿಕೊಂಡು, ಮತ್ತೆ ಕೋಣೆ ಸುತ್ತಲು ಹೊರಟವು. ಪುಟ್ಟ ಮಕ್ಕಳ ಮೇಲೆ ಮಾಡುವ ಪರೀಕ್ಷೆಯೂ ಹೀಗೇ ಇರುತ್ತದೆ, ಅದರ ಫಲಿತಾಂಶವೂ ಇದರ ಹತ್ತಿರದಲ್ಲೇ ಇದೆ. ನಿಮ್ಮ ಅತ್ತೆಯವರಿಗೆ ಇದನ್ನು ಹೇಳಿ.

ಉತ್ತರ: ಸೊಪ್ಪಿನಬುಟ್ಟಿ

ಹಳೇಮರ ಅವರು ಬರೆದದ್ದು ಚೆನ್ನಾಗಿದೆ, ಆದರೆ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬೆಕ್ಕಿಗೆ ಗೊಂದಲವಂತೆ! ತಟ್ಟುವ ಮೊದಲು ತಲೆ ಎತ್ತಿ ಮುಖ ನೋಡುತ್ತದಲ್ಲ, ಆ ನೋಟದಲ್ಲಿ ಎಲ್ಲಿದೆ ಗೊಂದಲ? ಇದು ತಪ್ಪು ಅಂತ ಅದಕ್ಕೆ ಗೊತ್ತಿಲ್ಲದೆ ಇರಬಹುದು. ಆದರೆ ಇದನ್ನು ತಟ್ಟಿದರೆ ಇವರು ಎದ್ದು ಬರುತ್ತಾರೆ ಅನ್ನುವುದು ಚೆನ್ನಾಗಿ ಗೊತ್ತು.

ಮೊದಮೊದಲು ಅದು ಬೇಟೆಯ ಬುದ್ಧಿಯೇ ಇರಬೇಕು. ಸಣ್ಣ ವಸ್ತು ಕಂಡರೆ ತಟ್ಟಿ ನೋಡುವುದು, ಅಲುಗಾಡುತ್ತದಾ, ಓಡುತ್ತದಾ ಅಂತ. ಪೆನ್ನು ಉರುಳುತ್ತದೆ, ಬೀಳುತ್ತದೆ, ಸದ್ದಾಗುತ್ತದೆ. ಅದೇ ಒಂದು ಆಟ. ಆಮೇಲೆ ಇನ್ನೊಂದು ವಿಷಯ ಅದರ ಗಮನಕ್ಕೆ ಬರುತ್ತದೆ. ಇಡೀ ಮಧ್ಯಾಹ್ನ ಮೊಬೈಲ್ ನೋಡುತ್ತಾ ಕೂತವರು ಪೆನ್ನು ಬಿದ್ದ ಕೂಡಲೇ ಹೆಸರು ಹಿಡಿದು ಕರೆಯುತ್ತಾರೆ, ಎದ್ದು ಹತ್ತಿರ ಬರುತ್ತಾರೆ, ಎತ್ತಿಕೊಳ್ಳುತ್ತಾರೆ. ಬೈಗುಳವೂ ಅದಕ್ಕೆ ಮಾತುಕತೆಯೇ. "ಬೇಡ ಚಿನ್ನಿ" ಅಂತ ನೀವು ಹೇಳುವುದು ಬಹುಶಃ ಅವಳಿಗೆ "ಹೂಂ, ನೋಡ್ತಾ ಇದೀನಿ" ಅಂತ ಕೇಳಿಸುತ್ತದೆ.

ಹೆಸರು ಗೊತ್ತಿಲ್ಲ, ಅದಕ್ಕೇ ಬರಲ್ಲ ಅಂತ ಯಾರೂ ಹೇಳಬೇಡಿ. ಜಪಾನಿನಲ್ಲಿ ಅತ್ಸುಕೊ ಸೈತೊ ಮತ್ತು ಜೊತೆಗಾರರು ಇದನ್ನು ಸರಿಯಾಗಿ ಪರೀಕ್ಷೆ ಮಾಡಿದ್ದಾರೆ. 2013ರ ಅಧ್ಯಯನದಲ್ಲಿ ಬೆಕ್ಕುಗಳು ಅಪರಿಚಿತರ ದನಿಯ ನಡುವೆ ತಮ್ಮ ಮನೆಯವರ ದನಿ ಗುರುತಿಸಿದವು. ಗುರುತಿಸಿ ಏನು ಮಾಡಿದವು? ಹೆಚ್ಚಿನವು ಕಿವಿ ತಿರುಗಿಸಿದವು, ತಲೆ ತಿರುಗಿಸಿದವು, ಅಷ್ಟೇ. ಎದ್ದು ಬರಲಿಲ್ಲ. 2019ರಲ್ಲಿ ಇನ್ನೊಂದು ಅಧ್ಯಯನ ಬಂತು, ಅದರಲ್ಲಿ ಅದೇ ಥರ ಕೇಳಿಸುವ ಬೇರೆ ಪದಗಳ ನಡುವೆ ಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಮಾಡಿ ಗುರುತಿಸಿದವು. ಹಾಗಾಗಿ ಕೇಳಿಸುತ್ತದೆ, ಅರ್ಥವೂ ಆಗುತ್ತದೆ. ಬರಬೇಕಾ ಬೇಡವಾ ಅನ್ನುವುದು ಅದರ ಇಷ್ಟ. ನನಗೆ ಬೆಕ್ಕಿನಲ್ಲಿ ತುಂಬಾ ಹಿಡಿಸುವ ಗುಣವೇ ಇದು. ಬಂದು ತೊಡೆ ಮೇಲೆ ಕೂತಿದೆ ಅಂದರೆ ಅದಕ್ಕೇ ಬೇಕಾಗಿ ಕೂತಿದೆ.

ಮನುಷ್ಯರನ್ನು ಹೇಗೆ ಎಬ್ಬಿಸಬೇಕು ಅನ್ನುವುದನ್ನು ಬೆಕ್ಕುಗಳು ಎಷ್ಟು ಚೆನ್ನಾಗಿ ಕಲಿತಿವೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 2009ರಲ್ಲಿ ಇಂಗ್ಲೆಂಡಿನ ಕ್ಯಾರೆನ್ ಮ್ಯಾಕ್‌ಕೋಂಬ್ ತಂಡದವರು ಬೆಕ್ಕಿನ ಗುರುಗುರು ಸದ್ದನ್ನು ಧ್ವನಿಮುದ್ರಣ ಮಾಡಿ ಜನರಿಗೆ ಕೇಳಿಸಿದರು. ಊಟ ಕೇಳುವಾಗಿನ ಗುರುಗುರು ಬೇರೆಯೇ ಇತ್ತು. ಅದರೊಳಗೆ ಅಳುವಿನಂಥ ಒಂದು ಎತ್ತರದ ದನಿ ಸೇರಿಕೊಂಡಿರುತ್ತದೆ. ಜನ್ಮದಲ್ಲಿ ಬೆಕ್ಕು ಸಾಕದವರಿಗೂ ಆ ಸದ್ದು ತುರ್ತಾಗಿದೆ, ಸುಮ್ಮನಿರಲು ಬಿಡುವುದಿಲ್ಲ ಅನ್ನಿಸಿತು. ಬೆಳಗಿನ ಜಾವ ಕಿವಿ ಹತ್ತಿರ ಬಂದು ಗುರುಗುಟ್ಟುವುದು ಸುಮ್ನೆ ಅಲ್ಲ!

ಮಾಡಬೇಕಾದ್ದು ಇಷ್ಟು. ಅಂಚಿನಲ್ಲಿ ಗಾಜಿನದು ಇಡಬೇಡಿ. ಅವಳು ತಟ್ಟಲು ಶುರು ಮಾಡಿದಾಗ ಮುಖ ನೋಡಬೇಡಿ, ಹೆಸರು ಕರೆಯಬೇಡಿ. ಅವಳು ಸುಮ್ಮನೆ ಕೂತಿರುವಾಗ, ಏನೂ ತಂಟೆ ಮಾಡದೆ ಇರುವಾಗ ನೀವಾಗಿಯೇ ಹೋಗಿ ಮಾತಾಡಿಸಿ, ಕತ್ತು ಕೆರೆಯಿರಿ. ಬೀಳಿಸಿ ಆಡಲು ಬಾಟಲಿಯ ಮುಚ್ಚಳ ಕೊಡಿ, ನುಂಗಲು ಆಗದಷ್ಟು ದೊಡ್ಡದು ಇರಲಿ.

ಉತ್ತರ: ಕರಿಯನಮನೆ

ನಮ್ಮ ಕರಿಯ ಲೋಟ ಬೀಳಿಸುವುದಿಲ್ಲ. ಹಲ್ಲಿ ಹಿಡಿದು ತಂದು ನನ್ನ ದಿಂಬಿನ ಪಕ್ಕ ಇಡುತ್ತಾನೆ, ಕೆಲವು ಸಲ ಜೀವ ಇರುವುದನ್ನೇ. ಇಟ್ಟು ನನ್ನ ಮುಖ ನೋಡಿ ಒಂದು ಕೂಗು ಹಾಕುತ್ತಾನೆ. ನಾನು ಕಿರುಚಿದರೆ ಅವನಿಗೆ ಬೇಜಾರು ಆಗುವುದಿಲ್ಲ, ಮಾರನೇ ದಿನ ಇನ್ನೊಂದು ತರುತ್ತಾನೆ. ಮುಂಜಾವು ಅವರೇ, ನಿಮ್ಮದು ಗಾಜು, ನನ್ನದು ಹಲ್ಲಿ!

ಉತ್ತರ: ನಡುರಾತ್ರಿ

ಬೆಳಗಿನ ಜಾವದ ಕಾಟಕ್ಕೆ ನನ್ನ ಹತ್ತಿರ ಉತ್ತರ ಇದೆ, ಕರಿಯನ ಹಲ್ಲಿಗೂ ಇದೆ.

ಬೆಕ್ಕು ಹಗಲಿನ ಪ್ರಾಣಿಯೂ ಅಲ್ಲ, ಪೂರ್ತಿ ರಾತ್ರಿಯದೂ ಅಲ್ಲ. ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಅದರ ರಕ್ತ ಜೋರಾಗಿ ಓಡುತ್ತದೆ, ಯಾಕೆಂದರೆ ಇಲಿ, ಹಕ್ಕಿ ಓಡಾಡುವ ಹೊತ್ತು ಅದು. ಮನುಷ್ಯನಿಗೆ ಬೇಕಾಗುವ ಬೆಳಕಿನ ಆರನೇ ಒಂದು ಭಾಗ ಇದ್ದರೂ ಬೆಕ್ಕಿಗೆ ಕಾಣುತ್ತದೆ. ಹಾಗಾಗಿ ನಿಮಗೆ ಕತ್ತಲಾಗಿರುವುದು ಅದಕ್ಕೆ ಕೆಲಸದ ಹೊತ್ತು. ಅದನ್ನು ಬದಲಾಯಿಸಲು ಆಗುವುದಿಲ್ಲ, ಸ್ವಲ್ಪ ಆಚೀಚೆ ತಳ್ಳಬಹುದು.

ಬೆಕ್ಕಿನ ದಿನಚರಿಯ ಕ್ರಮ ಹೀಗೆ: ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ. ಈ ಕ್ರಮವನ್ನು ನೀವು ಮಲಗುವ ಮುಂಚೆ ಮನೆಯಲ್ಲೇ ಮಾಡಿಸಿ. ಕೋಲಿಗೆ ಗರಿ ಕಟ್ಟಿದ ಆಟಿಕೆ ಹಿಡಿದು ಅದು ಏದುಸಿರು ಬಿಡದ ಹಾಗೆ, ಆದರೆ ಚೆನ್ನಾಗಿ ಸುಸ್ತಾಗುವ ಹಾಗೆ ಓಡಿಸಿ. ಆಟಿಕೆ ಅದರ ಮುಖಕ್ಕೆ ತರಬೇಡಿ, ಅದರಿಂದ ದೂರ ಓಡುವ ಹಾಗೆ ಎಳೆಯಿರಿ, ಯಾವ ಇಲಿಯೂ ತಾನಾಗಿ ಬೆಕ್ಕಿನ ಹತ್ತಿರ ಬರುವುದಿಲ್ಲ ಅಲ್ವಾ. ಕೊನೆಗೆ ಹಿಡಿಯಲು ಬಿಡಿ. ಹಿಡಿದ ಮೇಲೆ ದಿನದ ಊಟದಲ್ಲಿ ಒಂದು ಪಾಲನ್ನು ಆಗ ಕೊಡಿ. ಆಮೇಲೆ ಅದು ನೆಕ್ಕಿಕೊಂಡು ಮಲಗುತ್ತದೆ.

ಬೆಳಿಗ್ಗೆ ಎದ್ದ ತಕ್ಷಣ ಊಟ ಹಾಕುವುದನ್ನು ನಿಲ್ಲಿಸಿ. ಎದ್ದು, ಮುಖ ತೊಳೆದು, ಬೇರೆ ಒಂದೆರಡು ಕೆಲಸ ಮಾಡಿ ಆಮೇಲೆ ಹಾಕಿ. ನೀವು ಎದ್ದರೆ ಊಟ ಅನ್ನುವ ಲೆಕ್ಕ ಅದರ ತಲೆಯಿಂದ ಹೋಗಬೇಕು. ಶುರುವಿನಲ್ಲಿ ಕಾಟ ಇನ್ನೂ ಜಾಸ್ತಿ ಆಗುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಷ್ಟು ದಿನ ನಡೆದದ್ದು ಈಗ ಯಾಕೆ ನಡೆಯುತ್ತಿಲ್ಲ ಅಂತ ಅದು ಜೋರಾಗಿ ಕೂಗುತ್ತದೆ. ಆಗ ನೀವು ಒಂದು ಸಲ ಎದ್ದು ಹಾಕಿದರೂ ಜೋರಾಗಿ ಕೂಗಿದರೆ ಸಿಗುತ್ತದೆ ಅಂತ ಕಲಿಯುತ್ತದೆ. ಗಟ್ಟಿಯಾಗಿ ನಿಲ್ಲಿ. ಮನೆಯವರೆಲ್ಲ ಒಂದೇ ಥರ ನಡೆದುಕೊಳ್ಳಬೇಕು, ಒಬ್ಬರು ಗುಟ್ಟಾಗಿ ಎದ್ದು ಹಾಕಿದರೆ ಎಲ್ಲ ಮೊದಲಿನಿಂದ ಶುರು.

ಕರಿಯನಮನೆ ಅವರೇ, ಹೊಟ್ಟೆ ತುಂಬಿದ್ದರೂ ಬೆಕ್ಕು ಬೇಟೆಯಾಡುತ್ತದೆ. ಹಸಿವು ಬೇರೆ, ಬೇಟೆಯ ತುಡಿತ ಬೇರೆ. ಆದರೆ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 5ರಿಂದ 10 ನಿಮಿಷ ಈ ರೀತಿ ಆಡಿಸಿದ ಬೆಕ್ಕುಗಳು ಮನೆಗೆ ತರುವ ಬೇಟೆ ಶೇಕಡಾ 25ರಷ್ಟು ಕಡಿಮೆಯಾಯಿತು. ಮಾಂಸ ಹೆಚ್ಚಿರುವ, ಧಾನ್ಯ ಇಲ್ಲದ ಆಹಾರ ಕೊಟ್ಟಾಗ ಶೇಕಡಾ 36ರಷ್ಟು ಕಡಿಮೆಯಾಯಿತು. ಹಲ್ಲಿಗಳ ದೃಷ್ಟಿಯಿಂದಲೂ ಇದು ಒಳ್ಳೆಯದು, ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಸುಳ್ಳಲ್ಲ.

ಉತ್ತರ: ಬಿಳಿಮೋಡ

ಕೀಬೋರ್ಡ್ ಮೇಲೆ ಮಲಗುವುದಕ್ಕೆ ಒಂದು ಸರಳ ಕಾರಣ ಇದೆ: ಬಿಸಿ. ಬೆಕ್ಕಿಗೆ ಮೈ ಬೆಚ್ಚಗಿಡಲು ಶ್ರಮ ಪಡದೆ ಹಾಯಾಗಿ ಇರಲು ಸುಮಾರು 30ರಿಂದ 38 ಡಿಗ್ರಿ ಸೆಲ್ಸಿಯಸ್ ಬೇಕು. ನಮಗೆ ಸೆಖೆ ಅನ್ನಿಸುವುದು ಅದಕ್ಕೆ ಹದ. ಅದರ ಮೇಲೆ ನಿಮ್ಮ ಕೈ, ನಿಮ್ಮ ಕಣ್ಣು ಎರಡೂ ಅಲ್ಲೇ ಇವೆ. ಅದು ಮತ್ತೆಲ್ಲಿಗೆ ಹೋಗಬೇಕು ಹೇಳಿ. ಲ್ಯಾಪ್‌ಟಾಪಿನ ಪಕ್ಕದಲ್ಲೇ ಒಂದು ರಟ್ಟಿನ ಡಬ್ಬ ಇಟ್ಟು ಒಳಗೆ ನೀವು ಹಾಕಿಕೊಂಡ ಹಳೆಯ ಸ್ವೆಟರ್ ಹಾಸಿ. ಡಬ್ಬ ಅಂದರೆ ಬೆಕ್ಕಿಗೆ ಎಷ್ಟು ಆಸೆ ಅಂದರೆ, ನೆಲದ ಮೇಲೆ ಚೌಕದ ಭ್ರಮೆ ಹುಟ್ಟಿಸುವ ನಾಲ್ಕು ತುಂಡು ಅಂಟಿಸಿದರೂ ಒಳಗೆ ಹೋಗಿ ಕೂರುತ್ತವೆ ಅಂತ 2021ರ ಒಂದು ಅಧ್ಯಯನದಲ್ಲಿ ಕಂಡುಬಂತು. ಆಶ್ರಯತಾಣಕ್ಕೆ ಹೊಸದಾಗಿ ಬಂದ ಬೆಕ್ಕುಗಳಿಗೆ ಅಡಗಿಕೊಳ್ಳಲು ಡಬ್ಬ ಕೊಟ್ಟಾಗ ಅವು ಬೇಗ ಹೆದರಿಕೆ ಬಿಟ್ಟವು ಅಂತ ನೆದರ್ಲೆಂಡ್ಸಿನಲ್ಲಿ 2014ರಲ್ಲೇ ಗೊತ್ತಾಗಿತ್ತು.

ಬಚ್ಚಲಿನ ಬಾಗಿಲ ವಿಷಯ. ಮನೆ ಪೂರ್ತಿ ಅವಳ ಪಾಲಿಗೆ ಅವಳದ್ದು. ದಿನಕ್ಕೆ ಹಲವು ಸಲ ಸುತ್ತಿ ಮೂಸಿ ಎಲ್ಲ ಮೊದಲಿನ ಹಾಗೇ ಇದೆಯಾ ಅಂತ ನೋಡಿಕೊಳ್ಳುತ್ತಾಳೆ. ಒಂದು ಬಾಗಿಲು ಮುಚ್ಚಿದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ತೆರೆದಾಗ ಹೊಸ್ತಿಲಲ್ಲಿ ನಿಂತು ನೋಡಿ ಹೋಗುತ್ತಾಳೆ ಅಂದಿರಲ್ಲ, ಕೆಲಸ ಮುಗಿಯಿತು, ಹೋದಳು.

ಉತ್ತರ: ಕ್ಲಿನಿಕ್‌ಹುಡುಗಿ

ಪಶು ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ಇಲ್ಲಿ ಎಲ್ಲರೂ ತುಂಟತನದ ಬಗ್ಗೆ ಪ್ರೀತಿಯಿಂದ ಬರೆದಿದ್ದಾರೆ, ಓದಿ ಖುಷಿಯಾಯಿತು. ಆದರೆ ಮುಂಜಾವು ಅವರ ಪ್ರಶ್ನೆಯಲ್ಲಿ ಎರಡು ಪದ ಕಂಡು ನನ್ನ ಎದೆ ಧಸಕ್ ಅಂದಿತು: ಮಾತ್ರೆ ಡಬ್ಬಿ. ದಯವಿಟ್ಟು ಇವತ್ತೇ ಅದನ್ನು ಟೇಬಲ್‌ನಿಂದ ತೆಗೆದು ಬಾಗಿಲಿರುವ ಕಪಾಟಿನಲ್ಲಿ ಇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಒಂದೇ ಮಾತ್ರೆ ಜೀವ ತೆಗೆಯಬಹುದು. ಬಿದ್ದ ಡಬ್ಬಿಯ ಮುಚ್ಚಳ ಕಳಚಿ ಮಾತ್ರೆ ಉರುಳಿದರೆ ಅದರ ಪಾಲಿಗೆ ಅದೂ ಆಟದ ಸಾಮಾನೇ. ಮಾತ್ರೆ ತಿಂದಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲಿ ಅಂತ ಕಾಯದೆ ಡಾಕ್ಟರ್ ಹತ್ತಿರ ಓಡಿ. ವಸಡು ಕಂದು ಅಥವಾ ನೀಲಿ ಬಣ್ಣಕ್ಕೆ ತಿರುಗಿದ ಮೇಲೆ ಬಂದರೆ ತುಂಬಾ ತಡವಾಗಿರುತ್ತದೆ.

ಹಾಗೇ ಹೂದಾನಿಯಲ್ಲಿ ಲಿಲ್ಲಿ ಹೂವು ಇಡಬೇಡಿ. ಹೂವು, ಎಲೆ, ಮೈಗೆ ಅಂಟಿದ ಪರಾಗ, ಹೂದಾನಿಯ ನೀರು, ಯಾವುದು ಹೊಟ್ಟೆಗೆ ಹೋದರೂ ಬೆಕ್ಕಿನ ಕಿಡ್ನಿ ಕೆಡುತ್ತದೆ. ಸೂಜಿ ದಾರ, ರಬ್ಬರ್ ಬ್ಯಾಂಡ್, ಕೂದಲಿಗೆ ಕಟ್ಟುವ ಬ್ಯಾಂಡ್ ಕೂಡ ಕೈಗೆ ಸಿಗದ ಹಾಗೆ ಇಡಿ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಹಿಂದಕ್ಕೆ ಬಾಗಿರುತ್ತವೆ, ಬಾಯಿಗೆ ಹೋದ ದಾರವನ್ನು ಉಗುಳಲು ಅದಕ್ಕೆ ಕಷ್ಟ, ನುಂಗಿಬಿಡುತ್ತದೆ. ಗುದದ್ವಾರದಲ್ಲಿ ದಾರ ನೇತಾಡುವುದು ಕಂಡರೆ ಎಳೆಯಬೇಡಿ, ಕರುಳು ಹರಿಯಬಹುದು.

ಇನ್ನು ನೀರು ಚಿಮುಕಿಸುವ ವಿಷಯ. ಬೇಡ. ನೀರು ಬಿದ್ದಾಗ ಅವಳು ಹಾರಿ ಓಡುತ್ತಾಳೆ ನಿಜ, ಆದರೆ ಲೋಟಕ್ಕೂ ನೀರಿಗೂ ಅವಳ ತಲೆಯಲ್ಲಿ ನಂಟು ಬೀಳುವುದಿಲ್ಲ. ನಿಮಗೂ ನೀರಿಗೂ ನಂಟು ಬೀಳುತ್ತದೆ. ನೀವಿಲ್ಲದಾಗ ಲೋಟ ಬೀಳಿಸುತ್ತಾಳೆ, ನೀವಿರುವಾಗ ಮಂಚದ ಕೆಳಗೆ ಸೇರುತ್ತಾಳೆ. ಹೊಡೆದವರ, ಕತ್ತಿನ ಚರ್ಮ ಹಿಡಿದು ಎತ್ತಿದವರ ಮನೆಯ ಬೆಕ್ಕುಗಳು ನಮ್ಮಲ್ಲಿಗೆ ಬರುತ್ತವೆ, ಕೈ ಮುಂದೆ ಹೋದರೆ ಸಾಕು ಮುದುರಿಕೊಳ್ಳುತ್ತವೆ. ನೋಡಲು ಸಂಕಟವಾಗುತ್ತದೆ.

ಕೊನೆಯದು, ಇದನ್ನು ಎಲ್ಲರೂ ಓದಿ. ಬೆಕ್ಕು ಹಾಸಿಗೆ ಮೇಲೆ, ಬಟ್ಟೆ ರಾಶಿ ಮೇಲೆ ಉಚ್ಚೆ ಹೊಯ್ದರೆ ಅದು ಸೇಡು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. "ಊರಿಗೆ ಹೋಗಿ ಬಂದ ಸಿಟ್ಟಿಗೆ ಹೀಗೆ ಮಾಡಿದೆ" ಅನ್ನುತ್ತಾರೆ. ಸೇಡು ತೀರಿಸಿಕೊಳ್ಳುವ ಲೆಕ್ಕಾಚಾರ ಬೆಕ್ಕಿಗಿಲ್ಲ. ಮೂತ್ರಕೋಶದಲ್ಲಿ ಉರಿ ಇರಬಹುದು, ಲಿಟರ್ ಟ್ರೇ, ಅಂದರೆ ಬೆಕ್ಕು ಮಲಮೂತ್ರ ಮಾಡಲು ಇಡುವ ತಟ್ಟೆ, ಗಲೀಜಾಗಿರಬಹುದು, ಮನೆಯಲ್ಲಿ ಏನೋ ಬದಲಾಗಿ ಹೆದರಿರಬಹುದು. ಟ್ರೇ ಎಷ್ಟಿರಬೇಕು ಅಂದರೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಜಾಸ್ತಿ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಮುಕ್ಕಿದರೂ ಒಂದು ಹನಿ ಬರುತ್ತಿಲ್ಲ ಅಂದರೆ ಮೂತ್ರನಾಳ ಕಟ್ಟಿದೆ ಅಂತ ಅರ್ಥ. ಬೆಳಿಗ್ಗೆ ನೋಡೋಣ ಅನ್ನಬೇಡಿ, ಆ ರಾತ್ರಿಯೇ ಕರೆದುಕೊಂಡು ಹೋಗಿ.

ಉತ್ತರ: ತಾಳೆಗರಿ

ಕೀಬೋರ್ಡ್ ಮೇಲೆ ಬೆಕ್ಕು ಅಂದಾಗ ನನಗೆ ಹಳೆಯ ಹಸ್ತಪ್ರತಿಗಳು ನೆನಪಾದವು. ಕ್ರೊಯೇಷಿಯಾದ ಡುಬ್ರೊವ್ನಿಕ್ ನಗರದ ದಾಖಲೆಗಳಲ್ಲಿ 15ನೇ ಶತಮಾನದ ಒಂದು ಪುಸ್ತಕ ಇದೆ. ಅದರ ಪುಟಗಳ ಮೇಲೆ ಶಾಯಿ ಅಂಟಿದ ಬೆಕ್ಕಿನ ಹೆಜ್ಜೆಗಳು ಸಾಲಾಗಿ ಬಿದ್ದಿವೆ. ಶಾಯಿಯ ಮೇಲೆ ಕಾಲಿಟ್ಟು ನೇರವಾಗಿ ಪುಟದ ಮೇಲೆ ನಡೆದುಹೋಗಿದೆ. ಎಮಿರ್ ಫಿಲಿಪೊವಿಚ್ ಅನ್ನುವ ಇತಿಹಾಸಕಾರರು ಅದರ ಫೋಟೋ ತೆಗೆದು ಹಂಚಿಕೊಂಡ ಮೇಲೆ ಪ್ರಪಂಚಕ್ಕೆಲ್ಲ ಗೊತ್ತಾಯಿತು.

ಇದಕ್ಕಿಂತ ಹೆಚ್ಚು ಸಂಕಟ ಪಟ್ಟವರೂ ಇದ್ದಾರೆ. ಸುಮಾರು 1420ರ ಹೊತ್ತಿಗೆ ನೆದರ್ಲೆಂಡ್ಸಿನ ಡೆವೆಂಟರ್‌ನಲ್ಲಿ ಒಬ್ಬ ಲಿಪಿಕಾರ ಪುಸ್ತಕ ನಕಲು ಮಾಡುತ್ತಿದ್ದ. ರಾತ್ರಿ ತೆರೆದಿಟ್ಟ ಪುಟದ ಮೇಲೆ ಬೆಕ್ಕು ಉಚ್ಚೆ ಹೊಯ್ದಿತ್ತು. ಅಷ್ಟು ಜಾಗ ಖಾಲಿ ಬಿಟ್ಟು, ಅಲ್ಲಿ ಬೆಕ್ಕಿನ ಚಿತ್ರ ಮತ್ತು ಕಲೆಯ ಕಡೆ ತೋರಿಸುವ ಬೆರಳುಗಳ ಚಿತ್ರ ಬಿಡಿಸಿ, ಇಲ್ಲಿ ಏನೂ ಬಿಟ್ಟುಹೋಗಿಲ್ಲ, ರಾತ್ರಿ ಬೆಕ್ಕು ಮೂತ್ರ ಮಾಡಿದೆ ಅಂತ ಲ್ಯಾಟಿನ್‌ನಲ್ಲಿ ಬರೆದ. ಆ ಬೆಕ್ಕನ್ನು ಶಪಿಸಿದ. ಬೆಕ್ಕು ಬರುವ ಜಾಗದಲ್ಲಿ ರಾತ್ರಿ ಪುಸ್ತಕ ತೆರೆದಿಡಬೇಡಿ ಅಂತ ಓದುವವರಿಗೆ ಎಚ್ಚರಿಕೆಯನ್ನೂ ಕೊಟ್ಟ. ಕ್ಲಿನಿಕ್‌ಹುಡುಗಿ ಅವರ ಮಾತು ಓದಿದ ಮೇಲೆ ಆ ಬೆಕ್ಕಿಗೂ ಏನಾದರೂ ತೊಂದರೆ ಇತ್ತೇನೋ ಅನ್ನಿಸುತ್ತಿದೆ, ಪಾಪ.

ಇನ್ನೂ ಹಿಂದೆ ಹೋದರೆ, ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ, 2004ರಲ್ಲಿ ಅದರ ವರದಿ ಬಂತು. ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದಾರೆ. ಆ ದ್ವೀಪದಲ್ಲಿ ಬೆಕ್ಕು ತಾನಾಗಿ ಇರಲಿಲ್ಲ, ಜನರೇ ದೋಣಿಯಲ್ಲಿ ಜೊತೆಗೆ ಕರೆದುಕೊಂಡು ಹೋಗಿರಬೇಕು. ಕಾಳಿನ ಕಣಜಕ್ಕೆ ಬರುವ ಇಲಿಗಾಗಿ ಬೆಕ್ಕು ಬೇಕಿತ್ತು ಅನ್ನುತ್ತಾರೆ. ಆದರೆ ಬರೀ ಇಲಿಗಾಗಿ ಇಟ್ಟುಕೊಂಡದ್ದನ್ನು ಯಾರೂ ತಮ್ಮ ಪಕ್ಕ ಮಲಗಿಸಿ ಮಣ್ಣು ಮಾಡುವುದಿಲ್ಲ ಅನ್ನುವುದು ನನ್ನ ನಂಬಿಕೆ.

ಮರುಪ್ರಶ್ನೆ: ಮುಂಜಾವು

ಎಲ್ಲರಿಗೂ ಧನ್ಯವಾದ. ಕ್ಲಿನಿಕ್‌ಹುಡುಗಿ ಅವರೇ, ಮಾತ್ರೆ ಡಬ್ಬಿ ಕಪಾಟು ಸೇರಿತು, ಓದಿ ಮುಗಿಸುವ ಮೊದಲೇ ಎದ್ದು ಇಟ್ಟು ಬಂದೆ. ನೀರು ಚಿಮುಕಿಸುವುದಿಲ್ಲ. ಅತ್ತೆಯವರಿಗೆ ನಾಯಿಯ ಪರೀಕ್ಷೆ ಓದಿ ಹೇಳಿದೆ, "ಹೌದಾ, ಪಾಪ ನಾಯಿ" ಅಂದರು, ಬೆಕ್ಕಿನ ಬಗ್ಗೆ ಇನ್ನೂ ಏನೂ ಅಂದಿಲ್ಲ.

ಎರಡು ವಿಷಯ ಉಳಿದಿವೆ. ಒಂದು, ನಾನು ಬೈಯುವಾಗ ಅಲ್ಲ, ಬೈದು ಮುಗಿಸಿ ಸುಮ್ಮನಾದ ಮೇಲೆ ದೂರದಿಂದ ನನ್ನನ್ನೇ ನೋಡುತ್ತಾ ನಿಧಾನವಾಗಿ ಕಣ್ಣು ಅರ್ಧ ಮುಚ್ಚಿ ತೆರೆಯುತ್ತಾಳೆ. ಇದು ತಾತ್ಸಾರವಾ? ಎರಡು, ಸೋಫಾ ಬಗ್ಗೆ ಯಾರೂ ಹೇಳಲಿಲ್ಲ.

ಉತ್ತರ: ಹಳೇಮರ

ತಾತ್ಸಾರ ಖಂಡಿತ ಅಲ್ಲ! ಅದಕ್ಕೆ ತದ್ವಿರುದ್ಧ. ಹೆದರಿದ ಬೆಕ್ಕು, ಜಗಳಕ್ಕೆ ನಿಂತ ಬೆಕ್ಕು ಕಣ್ಣು ಮಿಟುಕಿಸದೆ ದಿಟ್ಟಿಸುತ್ತದೆ. ಕಣ್ಣು ಸಣ್ಣ ಮಾಡಿ ನಿಧಾನವಾಗಿ ಮುಚ್ಚಿ ತೆರೆಯುತ್ತಿದೆ ಅಂದರೆ ನಿಮ್ಮ ಎದುರು ಅದು ನಿರಾಳವಾಗಿದೆ. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳವರು 2020ರಲ್ಲಿ ಇದರ ಮೇಲೆ ಅಧ್ಯಯನ ಮಾಡಿದರು. ಮಾಲೀಕರು ನಿಧಾನವಾಗಿ ಕಣ್ಣು ಮುಚ್ಚಿ ತೆರೆದಾಗ ಬೆಕ್ಕುಗಳೂ ಹಾಗೇ ಮಾಡಿದವು. ಗುರುತಿಲ್ಲದವರು ಹಾಗೆ ಮಾಡಿ ಕೈ ಚಾಚಿದಾಗಲೂ, ಸುಮ್ಮನೆ ಕೈ ಚಾಚಿದಾಗಿನದಕ್ಕಿಂತ ಹೆಚ್ಚು ಹತ್ತಿರ ಬಂದವು. ಅವಳು ಹಾಗೆ ನೋಡಿದಾಗ ನೀವೂ ನಕ್ಕಾಗ ಆಗುವಷ್ಟು ಕಣ್ಣು ಕಿರಿದು ಮಾಡಿ, ಒಂದೆರಡು ಕ್ಷಣ ಮುಚ್ಚಿ ತೆರೆಯಿರಿ.

ಉತ್ತರ: ಬಿಳಿಮೋಡ

ಸೋಫಾ ನಾನು ಹೇಳುತ್ತೇನೆ. ಉಗುರು ಕೆರೆಯುವುದನ್ನು ನಿಲ್ಲಿಸಲು ಹೋಗಬೇಡಿ, ಜಾಗ ಬದಲಿಸಿ. ಕೆರೆದಾಗ ಉಗುರಿನ ಹಳೆಯ ಪೊರೆ ಕಳಚುತ್ತದೆ, ಬೆನ್ನು ಭುಜ ಹಿಗ್ಗುತ್ತದೆ, ಪಾದದಲ್ಲಿರುವ ಗ್ರಂಥಿಗಳಿಂದ ಅವಳ ವಾಸನೆ ಅಲ್ಲಿ ಅಂಟುತ್ತದೆ. ಹಾಗಾಗಿ ಮೂಲೆಯಲ್ಲಿ ಬಚ್ಚಿಟ್ಟ ಕಂಬಕ್ಕೆ ಅವಳು ಹೋಗುವುದಿಲ್ಲ. ಗುರುತು ಬಿಡುವುದು ಎಲ್ಲರೂ ಓಡಾಡುವ ಕಡೆಗೇ, ಮಲಗಿ ಎದ್ದ ಜಾಗದ ಹತ್ತಿರಕ್ಕೇ. ಸೆಣಬಿನ ಹಗ್ಗ ಬಿಗಿಯಾಗಿ ಸುತ್ತಿದ ಕಂಬವನ್ನು ಸೋಫಾದ ಆ ಹರಿದ ಬದಿಗೆ ತಾಗಿಸಿಯೇ ನಿಲ್ಲಿಸಿ. ಅವಳು ಮುಂಗಾಲು ಚಾಚಿ ಪೂರ್ತಿ ಮೈ ಮುರಿಯುವಷ್ಟು ಎತ್ತರ ಇರಬೇಕು. ಅಲುಗಾಡಲೇಬಾರದು, ಒಂದು ಸಲ ವಾಲಿತು ಅಂದರೆ ಮತ್ತೆ ಮುಟ್ಟುವುದಿಲ್ಲ. ಸೋಫಾದ ಬದಿಗೆ ಸದ್ಯಕ್ಕೆ ಎರಡೂ ಕಡೆ ಅಂಟುವ ಟೇಪ್ ಹಾಕಿ, ಪಾದಕ್ಕೆ ಅಂಟುವುದು ಅವಳಿಗೆ ಹಿಡಿಸುವುದಿಲ್ಲ. ಕಂಬ ಕೆರೆದಾಗಲೆಲ್ಲ ಅಲ್ಲೇ, ಆ ಕ್ಷಣವೇ ಒಂದು ತುಣುಕು ತಿನಿಸು ಕೊಡಿ. ಕಂಬ ಅಭ್ಯಾಸವಾದ ಮೇಲೆ ಟೇಪ್ ತೆಗೆದು, ಬೇಕಾದರೆ ಕಂಬವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಆಚೆ ಸರಿಸಿ.